ಬೂಟ್ ಪಾರ್ಟಿಷನ್ ತುಂಬಿದರೆ ಯಾವ ಕರ್ನಲ್ ತೆಗೆಯಬೇಕು?

ಉಬುಂಟು ಅಪ್‌ಡೇಟ್ ಅರ್ಧಕ್ಕೆ ನಿಂತು, ಜಾಗ ಸಾಲದು ಅಂತ ಹೇಳಿದರೆ ಗಾಬರಿಯಲ್ಲಿ ರೀಸ್ಟಾರ್ಟ್ ಮಾಡಬೇಡಿ. ಹೊಸ ಕರ್ನಲ್‌ನ (ಸಿಸ್ಟಮ್ಮಿನ ತಿರುಳಾದ ಪ್ರೋಗ್ರಾಮ್) ಜೊತೆ ಆನ್ ಆಗುವಾಗ ಬೇಕಾಗುವ ಇನಿಟ್‌ಆರ್‌ಡಿ ಫೈಲ್ ಪೂರ್ತಿ ತಯಾರಾಗಿರದಿದ್ದರೆ ಸಿಸ್ಟಮ್ ಮೇಲೇಳದೆ ಹೋಗಬಹುದು. ಶಾಲೆಯ ಲ್ಯಾಬ್ ನೋಡಿಕೊಳ್ಳುವ ನಾನು ಮೇಷ್ಟ್ರುಗಳಿಗೆ ಮೊದಲು ಹೇಳುವ ಮಾತೇ ಇದು.

ಟರ್ಮಿನಲ್‌ನಲ್ಲಿ 'ಡಿಎಫ್ -ಎಚ್ /ಬೂಟ್' ಕೊಟ್ಟು ಎಷ್ಟು ತುಂಬಿದೆ ನೋಡಿ. ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಎನ್‌ಕ್ರಿಪ್ಷನ್ ಆರಿಸಿದ್ದರೆ ಬೂಟ್‌ಗೆ ಬೇರೆಯೇ ಚಿಕ್ಕ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಇರುತ್ತದೆ. ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಇದ್ದರೂ ಅದು ತುಂಬಿಬಿಡುತ್ತದೆ. ಅಲ್ಲಿ ಜಾಸ್ತಿ ಜಾಗ ತಿನ್ನುವುದು ಕರ್ನಲ್ ಅಲ್ಲ, ಅದರ ಜೊತೆಗಿರುವ ಇನಿಟ್‌ಆರ್‌ಡಿ.

ಈಗ 'ಯುನೇಮ್ -ಆರ್' ಕೊಡಿ. ಉದಾಹರಣೆಗೆ 5.15.0-91-ಜೆನರಿಕ್ ಅಂತ ಬಂದರೆ ಸದ್ಯ ಓಡುತ್ತಿರುವುದು ಅದು. ಅದನ್ನು ಮುಟ್ಟಲೇಬೇಡಿ. ನಂತರ ಬೇಡದ ಹಳೆಯ ಕರ್ನಲ್‌ಗಳನ್ನು ತೆಗೆಯಲು 'ಸುಡೊ ಆಪ್ಟ್ ಆಟೋರಿಮೂವ್ --ಪರ್ಜ್' ಕೊಡಿ. ಸಾಮಾನ್ಯವಾಗಿ ಇಷ್ಟೇ ಸಾಕು. ಓಡುತ್ತಿರುವ ಕರ್ನಲ್ಲನ್ನೂ ತೀರಾ ಹೊಸದನ್ನೂ ಅದು ಉಳಿಸುತ್ತದೆ.

ಅಪ್‌ಡೇಟ್ ಅರ್ಧಕ್ಕೆ ನಿಂತಿದ್ದರೆ ಆಪ್ಟ್ (ಸಾಫ್ಟ್‌ವೇರ್ ಹಾಕುವ, ತೆಗೆಯುವ ಪ್ರೋಗ್ರಾಮ್) ಈ ಕೆಲಸವನ್ನೂ ಮಾಡಲು ಒಪ್ಪದಿರಬಹುದು. ಆಗ ಇನ್‌ಸ್ಟಾಲ್ ಆದದ್ದರ ಲೆಕ್ಕ ಇಡುವ ಡಿಪಿಕೆಜಿಯ 'ಡಿಪಿಕೆಜಿ -ಎಲ್' ಪಟ್ಟಿಯಲ್ಲಿ ಕರ್ನಲ್‌ಗಳನ್ನು, ಅಂದರೆ ಲಿನಕ್ಸ್-ಇಮೇಜ್ ಎಂದು ಶುರುವಾಗುವ ಹೆಸರುಗಳನ್ನು ಹುಡುಕಿ. ಸಾಲಿನ ಶುರುವಿನಲ್ಲಿ 'ಐಐ' ಇದ್ದರೆ ಅದು ಇನ್ನೂ ಇದೆ, 'ಆರ್‌ಸಿ' ಇದ್ದರೆ ಸೆಟ್ಟಿಂಗ್ಸ್ ಮಾತ್ರ ಉಳಿದಿವೆ. ತೀರಾ ಹಳೆಯ ಒಂದೇ ಒಂದನ್ನು 'ಸುಡೊ ಡಿಪಿಕೆಜಿ --ಪರ್ಜ್' ಮುಂದೆ ಅದರ ಹೆಸರು ಕೊಟ್ಟು ತೆಗೆಯಿರಿ. ಅದೇ ನಂಬರಿನ ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ ಇದ್ದರೆ ಅದರ ಹೆಸರನ್ನೂ ಅದೇ ಸಾಲಿನಲ್ಲಿ ಬರೆಯಿರಿ. ಆಮೇಲೆ 'ಸುಡೊ ಆಪ್ಟ್ -ಎಫ್ ಇನ್‌ಸ್ಟಾಲ್' ಕೊಟ್ಟರೆ ನಿಂತ ಕೆಲಸ ಮುಂದುವರಿಯುತ್ತದೆ. ಅದು ಮುಗಿದ ಮೇಲೆ ಮತ್ತೆ ಆಟೋರಿಮೂವ್.

ಬೂಟ್ ಫೋಲ್ಡರಿನ ಫೈಲ್‌ಗಳನ್ನು ಸುಮ್ನೆ 'ಆರ್‌ಎಂ' ಮಾಡುವುದು ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಕರ್ನಲ್ ಇನ್ನೂ ಇದೆ ಅಂತಲೇ ಡಿಪಿಕೆಜಿ ಲೆಕ್ಕ ಇಟ್ಟುಕೊಂಡಿರುತ್ತದೆ. ಲಿನಕ್ಸ್-ಜೆನರಿಕ್ ಅಥವಾ ಲಿನಕ್ಸ್-ಇಮೇಜ್-ಜೆನರಿಕ್ ಅಂತ ನಂಬರೇ ಇಲ್ಲದ ಹೆಸರು ತೆಗೆಯುವ ಪಟ್ಟಿಯಲ್ಲಿ ಬಂದರೆ 'ಎನ್' ಒತ್ತಿ ಹೊರಬನ್ನಿ. ಅದು ಹೋದರೆ ಹೊಸ ಕರ್ನಲ್ ತಾನಾಗಿ ಬರುವುದು ನಿಲ್ಲುತ್ತದೆ. ಸೆಕ್ಯುರಿಟಿ ತಿದ್ದುಪಡಿಗಳೂ ತಪ್ಪಿಹೋಗುತ್ತವೆ.

ಎಲ್ಲ ಸರಿಹೋದ ಮೇಲೆ ರೀಸ್ಟಾರ್ಟ್ ಮಾಡಿ. ಹೊಸದರ ಜೊತೆಗೆ ಚೆನ್ನಾಗಿ ಓಡುತ್ತಿದ್ದ ಒಂದು ಹಳೆಯ ಕರ್ನಲ್ಲೂ ಇರಲಿ. ಹೊಸದರಲ್ಲಿ ವೈಫೈ ಕೈಕೊಟ್ಟರೆ ಆನ್ ಮಾಡುವಾಗ ಶಿಫ್ಟ್ ಅಥವಾ ಎಸ್ಕೇಪ್ ಒತ್ತಿ, ಆಗ ಬರುವ ಗ್ರಬ್ ಎಂಬ ಬೂಟ್ ಮೆನುವಿನ ಅಡ್ವಾನ್ಸ್‌ಡ್ ಆಪ್ಷನ್ಸ್‌ನಿಂದ ಅದನ್ನು ಆರಿಸಿಕೊಳ್ಳಬಹುದು.