ಕ್ರಿಂಪಿಂಗ್ ಟೂಲ್ ನನ್ನ ಕೈಗೆ ಬಂದ ಮೇಲೆ

ನೆಟ್‌ವರ್ಕಿಂಗ್ ಲ್ಯಾಬಿನ ಮೊದಲ ದಿನ. ನಮ್ಮ ಟೇಬಲ್‌ಗೆ ನಾಲ್ಕು ಜನ. ಮೂವರು ಹುಡುಗರು, ಜೊತೆಗೆ ನಾನು. ಕೇಬಲ್ ತುದಿಗೆ ಕನೆಕ್ಟರ್ ಒತ್ತಿ ಕೂರಿಸುವ ಒಂದು ಕ್ರಿಂಪಿಂಗ್ ಟೂಲ್, ಒಂದಷ್ಟು ನೆಟ್‌ವರ್ಕ್ ಕೇಬಲ್, ಡಬ್ಬಿಯಲ್ಲಿ ಆರ್‌ಜೆ-45 ಕನೆಕ್ಟರ್‌ಗಳು. ನಾನು ಕೈ ಚಾಚುವಷ್ಟರಲ್ಲಿ ಒಬ್ಬ ಟೂಲ್ ಎತ್ತಿಕೊಂಡ. "ನಿನ್ನ ಅಕ್ಷರ ಚೆನ್ನಾಗಿದೆ, ಅಬ್ಸರ್ವೇಶನ್ ನೀನು ಬರಿ" ಅಂದ. ಅವನು ಕೆಟ್ಟವನಲ್ಲ, ಈಗಲೂ ನನ್ನ ಒಳ್ಳೆಯ ಸ್ನೇಹಿತ. ಆದರೆ ಪಕ್ಕದ ಟೇಬಲ್ ನೋಡಿದೆ. ಅಲ್ಲೂ ಹುಡುಗಿಯೇ ಬರೆಯುತ್ತಿದ್ದಳು. ಅದರಾಚೆಯ ಟೇಬಲ್‌ನಲ್ಲೂ ಅಷ್ಟೇ.

ನಾಲ್ಕು ವಾರ ನಾನೂ ಬರೆದೆ. ಇಂಟರ್ನಲ್ಸ್ ವೈವಾದಲ್ಲಿ ಮೇಡಂ ಕೇಳಿದರು, "ಕೇಬಲ್ ಮಾಡಿದ್ದೀಯಾ?" "ಮಾಡೋದು ನೋಡಿದ್ದೀನಿ ಮೇಡಂ" ಅಂದೆ. ಅವರು ಏನೂ ಅನ್ನಲಿಲ್ಲ. ಒಂದು ತುಂಡು ಕೇಬಲ್ ನನ್ನ ಮುಂದೆ ಇಟ್ಟರು. ನನಗೆ ಮಾಡಲು ಬರಲಿಲ್ಲ.

ಆ ರಾತ್ರಿ ತುಂಬಾ ಬೇಜಾರಾಯಿತು. ಯಾಕೆಂದರೆ ನಾನು ತಂತಿ ಮುಟ್ಟದೇ ಬೆಳೆದವಳಲ್ಲ. ತಿಪಟೂರಿನಲ್ಲಿ ನಮ್ಮಪ್ಪನದು ಮೋಟರ್ ವೈಂಡಿಂಗ್ ಅಂಗಡಿ. ಬೇಸಿಗೆಯಲ್ಲಿ ತೋಟದವರು ಸುಟ್ಟುಹೋದ ಪಂಪ್‌ಸೆಟ್ ಮೋಟರ್‌ಗಳನ್ನು ಹೊತ್ತು ತರುತ್ತಿದ್ದರು. ಸ್ಕೂಲು ಬಿಟ್ಟು ಬಂದು ಅಪ್ಪನ ಪಕ್ಕ ಕೂತು ಕಾಯಿಲ್ ಸುತ್ತು ಎಣಿಸುವುದು ನನ್ನ ಕೆಲಸ. "ಮೊದ್ಲು ಟೆಸ್ಟರ್ ಇಡು ಪುಟ್ಟಿ, ಆಮೇಲೆ ಕೈ ಇಡು" ಅನ್ನುತ್ತಿದ್ದರು. ಹುಡುಗಿ, ಮುಟ್ಟಬೇಡ ಅಂತ ಒಂದು ದಿನವೂ ಅನ್ನಲಿಲ್ಲ.

ಆ ಶನಿವಾರ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೋದೆ. ಬೆಂಗಳೂರಿನಲ್ಲಿ ಓದುವವರಿಗೆ ಅದೊಂದು ಭಾಗ್ಯ, ಅಲ್ವಾ? ಕ್ರಿಂಪಿಂಗ್ ಟೂಲ್, ಕೇಬಲ್ ಟೆಸ್ಟರ್, ಹತ್ತು ಮೀಟರ್ ಕ್ಯಾಟ್-6 ಕೇಬಲ್, ಒಂದು ಪ್ಯಾಕೆಟ್ ಕನೆಕ್ಟರ್ ತಂದೆ. ಹಾಸ್ಟೆಲ್ ಮಂಚದ ಮೇಲೆ ಪೇಪರ್ ಹಾಸಿ ಕೂತೆ.

ಕೇಬಲ್ ಒಳಗೆ ಎಂಟು ತಂತಿ, ಎರಡೆರಡು ಹೆಣೆದ ನಾಲ್ಕು ಜೋಡಿ. ಆ ಹೆಣಿಗೆ ಸುಮ್ನೆ ಅಲ್ಲ. ಹೊರಗಿನ ಗದ್ದಲ ಸಿಗ್ನಲ್‌ಗೆ ಸೇರದಂತೆ ತಡೆಯುವುದು ಅದೇ. ಹಾಗಾಗಿ ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬಾರದು. ಆದರೆ ಅಷ್ಟು ಚಿಕ್ಕ ತುದಿಯಲ್ಲಿ ಎಂಟು ತಂತಿ ಜೋಡಿಸಲು ಬೆರಳಿಗೆ ಹಿಡಿತವೇ ಸಿಗುವುದಿಲ್ಲ. ನಾನು ಮಾಡಿದ್ದು ಹೀಗೆ: ಮೊದಲು ಉದ್ದಕ್ಕೇ ಬಿಚ್ಚಿ, ಒಂದೊಂದು ತಂತಿಯನ್ನೂ ಹೆಬ್ಬೆರಳಿನಿಂದ ನೇರ ಮಾಡಿ, ಸಾಲಾಗಿ ಹಿಡಿದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಆಮೇಲೆ ಅರ್ಧ ಇಂಚು ಬಿಟ್ಟು ಒಂದೇ ಏಟಿಗೆ ಕತ್ತರಿಸಿದೆ. ಕನೆಕ್ಟರ್‌ನ ಕ್ಲಿಪ್ ಕೆಳಗಿರುವಂತೆ ಹಿಡಿದು ಒಳಗೆ ತಳ್ಳಿದೆ. ಎಂಟೂ ತಾಮ್ರದ ತುದಿ ಎದುರಿನಿಂದ ಮಿನುಗಬೇಕು. ಹೊರಗಿನ ಹೊದಿಕೆಯೂ ಕನೆಕ್ಟರ್ ಒಳಗೆ ಹೋಗಬೇಕು. ಇಲ್ಲದಿದ್ದರೆ ನಾಲ್ಕು ಸಲ ಎಳೆದಾಡಿದರೆ ಕಿತ್ತು ಬರುತ್ತದೆ. ಮೊದಲ ಆರು ಕನೆಕ್ಟರ್ ವ್ಯರ್ಥವಾದವು. ಕೊನೆಗೆ ಎರಡೂ ತುದಿಗೆ ಹೀಗೇ ಸರಿಯಾಗಿ ಹಾಕಿದ ಮೇಲೆ ಟೆಸ್ಟರ್‌ನಲ್ಲಿ ಒಂದರಿಂದ ಎಂಟರವರೆಗೆ ದೀಪ ಸಾಲಾಗಿ ಹೊತ್ತಿಕೊಂಡವು. ರೂಮ್‌ಮೇಟ್ ಎದ್ದು ಬಂದು "ಏನಾಯ್ತೇ?" ಅಂದಳು. ಅವಳಿಗೂ ತೋರಿಸಿದೆ.

ಮುಂದಿನ ಲ್ಯಾಬಿನಲ್ಲಿ ನನ್ನ ಟೂಲ್ ಬ್ಯಾಗಿನಿಂದ ತೆಗೆದು ಟೇಬಲ್ ಮೇಲಿಟ್ಟೆ. ವಾರಕ್ಕೊಬ್ಬರು ಬರೆಯೋಣ ಅಂದೆ. ಯಾರೂ ಬೇಡ ಅನ್ನಲಿಲ್ಲ. ಮೊದಲ ವಾರವೇ ಹಾಗೆ ಹೇಳಬಹುದಿತ್ತು ಅನ್ನುವುದು ನನಗೆ ಈಗಲೂ ಕೊರೆಯುತ್ತದೆ.

ಸಬ್‌ನೆಟ್ಟಿಂಗ್, ಅಂದರೆ ಒಂದು ನೆಟ್‌ವರ್ಕ್‌ನ ವಿಳಾಸಗಳನ್ನು ಚಿಕ್ಕ ಭಾಗಗಳಾಗಿ ಹಂಚುವುದು, ಎಲ್ಲರೂ ಹೆದರುವ ಪಾಠ. ನನಗೆ ಅದು ಮನೆ ಸೈಟುಗಳ ಲೇಔಟ್ ಅಂದುಕೊಂಡ ಮೇಲೆ ತಲೆಗೆ ಹತ್ತಿತು. 192.168.10.0 ಅನ್ನುವ ಜಾಗದಲ್ಲಿ 256 ನಂಬರ್. ಅದನ್ನು /26 ಅನ್ನುವ ಅಳತೆಗೆ ಹಂಚಿದರೆ 64 ನಂಬರಿನ ನಾಲ್ಕು ಬೀದಿ. ಪ್ರತಿ ಬೀದಿಯ ಮೊದಲ ನಂಬರ್ ಬೀದಿಯದೇ ಹೆಸರು. ಕೊನೆಯದು ಇಡೀ ಬೀದಿಗೆ ಕೂಗಿ ಹೇಳುವುದಕ್ಕೆ. ಮನೆ ಕಟ್ಟಲು ಉಳಿದದ್ದು 62. ಬೀದಿಯಿಂದ ಬೀದಿಗೆ ಹೋಗಬೇಕೆಂದರೆ ರೂಟರ್ ಬೇಕು. ಇಷ್ಟು ಗೊತ್ತಾದ ಮೇಲೆ ನೆಟ್‌ವರ್ಕ್ ಕಟ್ಟಿ ನೋಡುವ ಸಾಫ್ಟ್‌ವೇರ್ ಆದ ಸಿಸ್ಕೋದ ಪ್ಯಾಕೆಟ್ ಟ್ರೇಸರ್‌ನಲ್ಲಿ ದಿನಾ ಒಂದು ಲೇಔಟ್ ಕಟ್ಟಿದೆ. ಅದು ಉಚಿತವಾಗಿ ಸಿಗುತ್ತದೆ.

ಸೆಕ್ಯೂರಿಟಿ ಕಡೆ ನನ್ನನ್ನು ಎಳೆದದ್ದು ಒಂದು ಸಾಯಂಕಾಲದ ಪ್ರಯೋಗ. ಒಂದು ಕಂಪ್ಯೂಟರಿನೊಳಗೇ ಬೇರೆ ಕಂಪ್ಯೂಟರ್‌ಗಳನ್ನು ಓಡಿಸುವ ವರ್ಚುವಲ್‌ಬಾಕ್ಸ್ ಲ್ಯಾಪ್‌ಟಾಪಿನಲ್ಲಿ ಹಾಕಿ, ಅದರೊಳಗೆ ಸೆಕ್ಯೂರಿಟಿ ಪರೀಕ್ಷೆಗೆ ಬಳಸುವ ಕಾಲಿ ಲಿನಕ್ಸ್ ಒಂದು, ಮೆಟಾಸ್ಪ್ಲಾಯ್ಟಬಲ್ 2 ಒಂದು ಇಟ್ಟಿದ್ದೆ. ಎರಡನೆಯದು ಕಲಿಯುವವರಿಗಾಗಿ ಬೇಕಂತಲೇ ತೂತು ಬಿಟ್ಟು ಮಾಡಿದ ಮಷೀನ್. ಅದನ್ನು ಇಂಟರ್ನೆಟ್‌ಗೆ ಬಿಡಬಾರದು, ಲ್ಯಾಪ್‌ಟಾಪಿನಿಂದ ಹೊರಗೆ ಹೋಗದ ಹೋಸ್ಟ್-ಓನ್ಲಿ ನೆಟ್‌ವರ್ಕ್‌ನಲ್ಲೇ ಕಟ್ಟಿಹಾಕಬೇಕು. 8 ಜಿಬಿ ರ್‍ಯಾಮ್ ಸಾಕಾಯಿತು. ನೆಟ್‌ವರ್ಕ್‌ನಲ್ಲಿ ಓಡಾಡುವ ಮಾಹಿತಿಯನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತೆರೆದಿಟ್ಟು, ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ಹಳೆಯ ವಿಧಾನವಾದ ಟೆಲ್‌ನೆಟ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ ಲಾಗಿನ್ ಆದೆ. ಆಮೇಲೆ ಆ ಮಾತುಕತೆಯನ್ನು ಪೂರ್ತಿ ಬಿಚ್ಚಿ ನೋಡಿದೆ. ಯೂಸರ್‌ನೇಮ್‌ನ ಪ್ರತಿ ಅಕ್ಷರ ಎರಡೆರಡು ಸಲ, ಪಾಸ್‌ವರ್ಡ್‌ನ ಅಕ್ಷರಗಳು ಒಂದೊಂದೇ ಸಲ ಕಂಡವು! ಯಾಕೆ ಹೀಗೆ ಅಂತ ಬಹಳ ಹೊತ್ತು ಯೋಚಿಸಿದೆ. ಯೂಸರ್‌ನೇಮ್ ಟೈಪ್ ಮಾಡಿದಾಗ ಸರ್ವರ್ ಆ ಅಕ್ಷರವನ್ನು ವಾಪಸ್ ಕಳಿಸುತ್ತದೆ, ಅದಕ್ಕೇ ಪರದೆ ಮೇಲೆ ಕಾಣುವುದು. ಪಾಸ್‌ವರ್ಡ್ ವಾಪಸ್ ಕಳಿಸುವುದಿಲ್ಲ. ಪರದೆ ಮೇಲೆ ಅಡಗಿದ ಪಾಸ್‌ವರ್ಡ್ ತಂತಿಯಲ್ಲಿ ಮಾತ್ರ ಬಟಾಬಯಲು. ಮೈ ಜುಂ ಅಂದಿತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ಯೂನಿವರ್ಸಿಟಿ ಆಫ್ ಟೆಕ್ನಾಲಜಿಯ ನೆಟ್‌ವರ್ಕ್‌ನಲ್ಲಿ ಯಾರೋ ಹೀಗೇ ಪಾಸ್‌ವರ್ಡ್ ಕದ್ದಾಗಲೇ ಅಲ್ಲಿನ ಟಾಟು ಯ್ಲೋನೆನ್, ಎಲ್ಲವನ್ನೂ ಗುಪ್ತಲಿಪಿಯಲ್ಲಿ ಕಳಿಸುವ ಎಸ್‌ಎಸ್‌ಎಚ್ ಬರೆದದ್ದು. ಅದೇ ಪ್ರಯೋಗ ಎಸ್‌ಎಸ್‌ಎಚ್‌ನಲ್ಲಿ ಮಾಡಿದೆ. ಯೂಸರ್‌ನೇಮ್, ಪಾಸ್‌ವರ್ಡ್‌ನ ಒಂದಕ್ಷರವೂ ಓದಲು ಬರಲಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಪಕ್ಕದ ರೂಮಿನ ವೈಫೈ ಒಡೆದು ಕಲಿತೆ ಅನ್ನುವವರನ್ನು ನಂಬಬೇಡಿ. ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರ್‌ಗೆ ನುಗ್ಗುವುದು ಐಟಿ ಕಾಯ್ದೆ 2000ರ 43ನೇ ಸೆಕ್ಷನ್‌ಗೆ ಬರುತ್ತದೆ. ಅದನ್ನೇ ಮೋಸದ ಉದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕಲಿಯುವುದಕ್ಕೆ ಅಂತಲೇ ತೆರೆದಿಟ್ಟ ಜಾಗ ಬೇಕಾದಷ್ಟಿವೆ. ನಾನು ಓವರ್‌ದವೈರ್ ಅನ್ನುವ ವೆಬ್‌ಸೈಟಿನ ಬ್ಯಾಂಡಿಟ್ ಆಟದಿಂದ ಶುರು ಮಾಡಿದೆ. ಅದರಲ್ಲಿ ಒಂದು ಫೈಲಿನ ಹೆಸರು ಬರೀ ಒಂದು ಅಡ್ಡಗೆರೆ. ಅದನ್ನು ಓದಲು ನನಗೆ ಒಂದು ಗಂಟೆ ಬೇಕಾಯಿತು. ಆ ಒಂದು ಗಂಟೆಯಲ್ಲಿ ಲಿನಕ್ಸ್ ಬಗ್ಗೆ ಕಲಿತದ್ದು ಒಂದು ಪಾಠಕ್ಕೆ ಸಮ.

ಐದನೇ ಸೆಮಿಸ್ಟರ್ ಪರೀಕ್ಷೆಯ ಹಿಂದಿನ ರಾತ್ರಿ ಲೇಡೀಸ್ ಹಾಸ್ಟೆಲ್‌ನಲ್ಲಿ ನೆಟ್ ಹೋಯಿತು. ಎಲ್ಲರ ನೋಟ್ಸ್ ಡ್ರೈವ್‌ನಲ್ಲಿ. ಟೆಕ್ನಿಷಿಯನ್ ಅಣ್ಣ ಕ್ಯಾಂಪಸ್‌ನಲ್ಲೇ ಇದ್ದರು, ಆದರೆ ಏಳು ಗಂಟೆ ಮೇಲೆ ಗಂಡಸರು ಒಳಗೆ ಬರುವಂತಿಲ್ಲ. ವಾರ್ಡನ್ ಮೇಡಂ ಬಳಿ ಹೋಗಿ "ನಾನು ನೋಡ್ಲಾ?" ಅಂತ ಕೇಳಿದೆ. ಅವರು ಅಣ್ಣನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು.

ಲ್ಯಾಪ್‌ಟಾಪಿಗೆ ಹಾಸ್ಟೆಲ್‌ನ ಕೇಬಲ್ ಸಿಕ್ಕಿಸಿ ವೈರ್‌ಶಾರ್ಕ್ ತೆರೆದರೆ "ಈ ವಿಳಾಸ ಯಾರದು?" ಅಂತ ಕೇಳುವ ಒಂದೇ ಎಆರ್‌ಪಿ ಪ್ರಶ್ನೆ, ಸೆಕೆಂಡಿಗೆ ಸಾವಿರಾರು ಸಲ. ಪರದೆ ನಿಲ್ಲದೆ ಓಡುತ್ತಿತ್ತು. ಎಲ್ಲೋ ಲೂಪ್ ಆಗಿದೆ ಅಂತ ಗೊತ್ತಾಯಿತು. ಕೇಬಲ್‌ನಲ್ಲಿ ಹೋಗುವ ಮಾಹಿತಿಯ ತುಣುಕಿಗೆ, ಅಂದರೆ ಎತರ್ನೆಟ್ ಫ್ರೇಮ್‌ಗೆ, ಆಯುಸ್ಸಿನ ಲೆಕ್ಕ ಇಲ್ಲ. ಲೂಪ್‌ಗೆ ಬಿದ್ದರೆ ಸುತ್ತುತ್ತಲೇ ಇರುತ್ತದೆ. ಇದನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ಅನ್ನುವ ವಿಧಾನವನ್ನು 1985ರಲ್ಲಿ ಕೊಟ್ಟವರು ರೇಡಿಯಾ ಪರ್ಲ್‌ಮನ್. ಅವರು ಹೆಂಗಸು ಅಂತ ತಿಳಿದ ದಿನ ನಾನು ಅವರ ಹೆಸರನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದೆ. ಆದರೆ ಕೇಬಲ್‌ಗಳನ್ನು ಒಂದುಗೂಡಿಸುವ ಅಗ್ಗದ ಚಿಕ್ಕ ನೆಟ್‌ವರ್ಕ್ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಮಹಡಿ ಮಹಡಿ ಹತ್ತಿದೆ. ಎರಡನೇ ಮಹಡಿಯ ಸ್ಟಡಿ ರೂಮಿನ ಸ್ವಿಚ್‌ನಲ್ಲಿ ಎಲ್ಲ ದೀಪಗಳೂ ಒಟ್ಟಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ಜೋತುಬಿದ್ದ ಒಂದು ಕೇಬಲ್‌ನ ಎರಡೂ ತುದಿಯನ್ನು ಯಾರೋ ಅದೇ ಸ್ವಿಚ್‌ಗೆ ಸಿಕ್ಕಿಸಿದ್ದರು. ಒಂದು ತುದಿ ಕಿತ್ತೆ. ದೀಪಗಳು ಶಾಂತವಾದವು. ಕಾರಿಡಾರಿನ ಆ ಕಡೆಯಿಂದ "ಬಂತು ಕಣ್ರೇ!" ಅಂತ ಕೂಗು ಕೇಳಿತು.

ಫೋನಿನಲ್ಲಿ ಅಣ್ಣ "ಆ ಕೇಬಲ್ ಅಲ್ಲಿ ಬಿಡಬೇಡಮ್ಮ, ತಗೊಂಡು ಹೋಗು" ಅಂದರು. ಇನ್ನೂ ನನ್ನ ಹತ್ತಿರವೇ ಇದೆ.

ಈಗ ನಾನು ಕೊನೆಯ ವರ್ಷ. ಶನಿವಾರ ಮಧ್ಯಾಹ್ನ ಜೂನಿಯರ್‌ಗಳ ಜೊತೆ ಲ್ಯಾಬಿನಲ್ಲಿ ಕೂರುತ್ತೇನೆ. ಹೋದ ವಾರ ಒಂದು ಹುಡುಗಿ ಪೆನ್ನು ತೆಗೆದು "ಅಕ್ಕ, ನಾನು ಬರ್ಕೋತೀನಿ" ಅಂದಳು. "ಆಮೇಲೆ ಬರಿ" ಅಂತ ಟೂಲ್ ಅವಳ ಕೈಗೆ ಕೊಟ್ಟೆ. ತಂತಿ ನೇರ ಮಾಡುವುದಕ್ಕೇ ಹತ್ತು ನಿಮಿಷ ತೆಗೆದುಕೊಂಡಳು. ಯಾರೂ ಅವಸರ ಮಾಡಲಿಲ್ಲ. ಟೆಸ್ಟರ್‌ಗೆ ಹಾಕಿದಾಗ ಮೂರನೇ ದೀಪ ಹೊತ್ತಲಿಲ್ಲ. ನನ್ನ ಮುಖ ನೋಡಿದಳು. "ಆ ತುದಿ ಕತ್ತರಿಸು, ಇನ್ನೊಂದು ಹಾಕು" ಅಂತ ಕನೆಕ್ಟರ್ ಡಬ್ಬಿ ಅವಳ ಕಡೆ ಸರಿಸಿದೆ.