ಲೋಟ ಕಚ್ಚಿಕೊಂಡರೆ ಬಡಿಯಬೇಡಿ

ಒಂದು ಸ್ಟೀಲ್ ಲೋಟದೊಳಗೆ ಇನ್ನೊಂದು ಕಚ್ಚಿಕೊಂಡುಬಿಟ್ಟಿತ್ತು, ಹೊರಗೆ ನೆಂಟರು ಕಾಫಿಗೆ ಕಾಯ್ತಾ ಕೂತಿದ್ದರು. ನಾನು ಎಳೆದೆ, ತಿರುಗಿಸಿದೆ, ಕೊನೆಗೆ ಲಟ್ಟಣಿಗೆ ತಗೊಂಡು ಬಡಿದೆ. ಹೊರಗಿನದು ನೆಗ್ಗಿತು, ಒಳಗಿನದು ಇನ್ನೂ ಬಿಗಿಯಾಯಿತು. ಸದ್ದಿಗೆ ಅಮ್ಮ ಬಂದಳು. "ಬಿಡಿಸ್ತಿದ್ದೀಯೋ, ಸೇರಿಸ್ತಿದ್ದೀಯೋ?" ಅಂದವಳೇ ಒಳಗಿನ ಲೋಟಕ್ಕೆ ಫ್ರಿಜ್ ನೀರು ತುಂಬಿ, ಎರಡನ್ನೂ ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ, ಒಂದು ನಿಮಿಷ ಬಿಟ್ಟು ಬಟ್ಟೆಯಲ್ಲಿ ಹಿಡಿದು ತಿರುಗಿಸಿದಳು. ಸಲೀಸಾಗಿ ಬಂತು. ಬಿಸಿಗೆ ಹೊರಗಿನದು ಕೂದಲೆಳೆಯಷ್ಟು ಹಿಗ್ಗುತ್ತದೆ, ತಂಪಿಗೆ ಒಳಗಿನದು ಕುಗ್ಗುತ್ತದೆ. ಶಾಲೆಯಲ್ಲಿ ನಾನೂ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆ ನೆಗ್ಗಿದ ಲೋಟ ಇನ್ನೂ ಇದೆ, ನನಗೆ ಕಾಫಿ ಅದರಲ್ಲೇ ಬರುತ್ತದೆ. (ಗಾಜಿನ ಲೋಟವಾದರೆ ಉಗುರುಬೆಚ್ಚಗಿನ ನೀರು ಸಾಕು, ಕುದಿಯೋ ನೀರಿಗೆ ಬಿರುಕು ಬಿಡುತ್ತೆ.)

ಅವತ್ತಿಂದ ಏನೇ ಕೈಕೊಟ್ಟರೂ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಹಿಡಿದಿಟ್ಟಿರೋದು ಏನು?

ಹೊಸ ಜಾಮ್ ಬಾಟಲಿಯ ಮುಚ್ಚಳ ತೆಗೆಯೋಕೆ ಆಗಲ್ಲ ಅಲ್ವಾ? ಅಲ್ಲಿ ಹಿಡಿದಿರೋದು ಗಾಳಿಯ ಒತ್ತಡ. ಒಳಗೆ ಗಾಳಿ ಕಮ್ಮಿ, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿರುತ್ತದೆ. ಮುಚ್ಚಳದ ಅಂಚಿಗೆ ಚಮಚ ತೂರಿಸಿ ಒಂಚೂರು ಮೀಟಿ, ಟಪ್ ಅಂತ ಸದ್ದಾದರೆ ಕೆಲಸ ಮುಗೀತು. ಅದೇ ಬಾಟಲಿ ವಾರ ಬಿಟ್ಟು ಮತ್ತೆ ಅಂಟಿಕೊಂಡರೆ ಚಮಚದ ಉಪಾಯ ನಡೆಯಲ್ಲ, ಈಗ ಹಿಡಿದಿರೋದು ಅಂಚಿನಲ್ಲಿ ಒಣಗಿದ ಸಕ್ಕರೆ ಪಾಕ. ಮುಚ್ಚಳವನ್ನು ಬಿಸಿನೀರಲ್ಲಿ ಅದ್ದಿ.

ದೋಸೆ ಹಿಟ್ಟಿನ ಕಥೆ ಇನ್ನೊಂದು. ಡಿಸೆಂಬರ್‌ನಲ್ಲಿ ಬೆಂಗಳೂರಿನ ರಾತ್ರಿ 15-16 ಡಿಗ್ರಿಗೆ ಇಳಿಯುತ್ತೆ, ಬೆಳಗ್ಗೆ ನೋಡಿದರೆ ಹಿಟ್ಟು ರುಬ್ಬಿಟ್ಟ ಹಾಗೇ ಕೂತಿರುತ್ತೆ, ಜನ ಸೋಡಾ ಹಾಕ್ತಾರೆ. ಹಿಟ್ಟನ್ನು ಉಬ್ಬಿಸೋದು ಅದರೊಳಗಿನ ಸೂಕ್ಷ್ಮಜೀವಿಗಳು, ಅವಕ್ಕೆ ಬೇಕಿರೋದು ಬೆಚ್ಚಗಿನ ಜಾಗ. ಮೈಕ್ರೋವೇವ್ ಆನ್ ಮಾಡದೆ, ಒಳಗೆ ಹಿಟ್ಟಿನ ಪಾತ್ರೆಯನ್ನೂ ಪಕ್ಕದಲ್ಲಿ ಒಂದು ಬಟ್ಟಲು ಬಿಸಿನೀರನ್ನೂ ಇಟ್ಟು ಬಾಗಿಲು ಹಾಕಿಬಿಡಿ. ಮೈಕ್ರೋವೇವ್ ಇಲ್ಲವಾ, ಹಳೇ ಕಂಬಳಿ ಸುತ್ತಿಡಿ. ಪಾತ್ರೆಯಲ್ಲಿ ಮೂರರಲ್ಲೊಂದು ಭಾಗ ಖಾಲಿ ಬಿಡೋದು ಮರೀಬೇಡಿ, ಉಕ್ಕಿದ ಹಿಟ್ಟನ್ನು ಬೆಳಗ್ಗೆ ಆರಕ್ಕೆ ಕೆರೆದು ತೆಗೆಯೋ ಸುಖ ನನಗೆ ಚೆನ್ನಾಗಿ ಗೊತ್ತು. ಹಿಟ್ಟು ಸೌಟಿನ ಜೊತೆಗೇ ಸುತ್ತಿಕೊಂಡು ಬಂದರೆ ಕಾವಲಿ ಅತಿಯಾಗಿ ಕಾದಿದೆ ಅಂತ ಅರ್ಥ. ನೀರು ಚಿಮುಕಿಸಿ, ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಒರೆಸಿ, ಆಮೇಲೆ ಹುಯ್ಯಿರಿ.

ಇರುವೆಗೆ ಪುಡಿ ಎರಚೋ ಮೊದಲು ಅವು ಬರುವ ಸಾಲನ್ನು ಸೋಪಿನ ನೀರಲ್ಲಿ ಒರೆಸಿ. ಅವು ವಾಸನೆ ಹಿಡಿದು ಬರುತ್ತವೆ, ವಾಸನೆ ಹೋದರೆ ದಾರಿ ತಪ್ಪುತ್ತೆ. ಸಕ್ಕರೆ ಡಬ್ಬಿಯನ್ನು ನೀರು ಹಾಕಿದ ತಟ್ಟೆಯ ನಡುವೆ ಇಡಿ, ಡಬ್ಬಿ ಮಾತ್ರ ಗೋಡೆಗೆ ತಾಗಬಾರದು.

ಬೋರ್‌ವೆಲ್ ನೀರಿನ ಮನೆಯಲ್ಲಿ ಶವರ್ ಸಣ್ಣಗೆ ಬರೋಕೆ ಶುರುವಾದರೆ ಪ್ಲಂಬರ್‌ಗೆ ಫೋನ್ ಮಾಡೋ ಮೊದಲು ತೂತುಗಳನ್ನು ನೋಡಿ. ಬಿಳಿ ಸುಣ್ಣ ಕಟ್ಟಿದ್ದರೆ ಪ್ಲಾಸ್ಟಿಕ್ ಕವರ್‌ಗೆ ವಿನೆಗರ್ ಹುಯ್ದು, ಶವರ್ ಮುಖ ಅದರಲ್ಲಿ ಮುಳುಗೋ ಹಾಗೆ ರಬ್ಬರ್ ಬ್ಯಾಂಡ್ ಹಾಕಿ ಒಂದೆರಡು ಗಂಟೆ ಬಿಡಿ. ಸುಣ್ಣ ಹುಳಿಗೆ ಕರಗುತ್ತೆ. ನನಗೆ ಒಬ್ಬರು "ಇಡೀ ಸೆಟ್ ಬದಲಾಯಿಸ್ಬೇಕು ಸಾರ್" ಅಂದಿದ್ದರು, ಹೋಗಿದ್ದು ಅರ್ಧ ಬಾಟಲಿ ವಿನೆಗರ್.

ಕೇಳಿದ ಉಪಾಯವೆಲ್ಲ ನಿಜವಲ್ಲ. ಉಪ್ಪು ಜಾಸ್ತಿಯಾದ ಸಾರಿಗೆ ಆಲೂಗಡ್ಡೆ ಹಾಕಿದರೆ ಉಪ್ಪು ಹೀರುತ್ತೆ ಅಂತಾರೆ. ಅದು ಹೀರೋದು ಉಪ್ಪುಪ್ಪು ಸಾರನ್ನೇ, ಉಳಿದ ಸಾರು ಅಷ್ಟೇ ಉಪ್ಪಾಗಿರುತ್ತೆ. ಸ್ವಲ್ಪ ಸಾರು ತೆಗೆದಿಟ್ಟು, ಉಪ್ಪು ಹಾಕದ ಬೇಳೆ ಕಟ್ಟು ಸೇರಿಸಿ ಕುದಿಸಿ.

ಇನ್ನು ಕುಕ್ಕರ್‌ನ ಸೇಫ್ಟಿ ವಾಲ್ವ್ ಹೋದರೆ ಉಪಾಯ ಗಿಪಾಯ ಏನೂ ಬೇಡ. ತೂತಿಗೆ ಏನನ್ನೂ ತುರುಕಬೇಡಿ. ನಿಮ್ಮ ಕುಕ್ಕರ್ ಕಂಪನಿಯದ್ದೇ ಹೊಸದು ತಂದು ಹಾಕಿ, ಅಲ್ಲಿವರೆಗೆ ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸಿ.