ಈಸ್ಟರ್ ಮುಗಿದ ಮೇಲಿನ ಐವತ್ತು ದಿನ: ಮುಂಬೈಯ ಕನ್ನಡ ಕ್ರೈಸ್ತ ಮನೆಗಳಿಗೊಂದು ಕೈಪಿಡಿ

ಈಸ್ಟರಿಗೆ ಮೊದಲಿನ ಶ್ರಮದಿನಗಳಲ್ಲಿ ನಲವತ್ತು ದಿನ ಮೀನು, ಮಾಂಸ ಮುಟ್ಟದ ಮನೆಗಳಲ್ಲೂ ಈಸ್ಟರ್ ಭಾನುವಾರ ಮಧ್ಯಾಹ್ನದ ಬಿರಿಯಾನಿಗೆ ಹಬ್ಬ ಮುಗಿದುಹೋಗುತ್ತದೆ. ಸೋಮವಾರ ಬೆಳಿಗ್ಗೆ ಅದೇ ಲೋಕಲ್, ಅದೇ ನೂಕುನುಗ್ಗಲು, ಅದೇ ಸಿಡುಕು. ಸಭೆಯ, ಅಂದರೆ ಚರ್ಚಿನ, ಪಂಚಾಂಗದ ಲೆಕ್ಕವೇ ಬೇರೆ. ದುಃಖಕ್ಕೆ ನಲವತ್ತು ದಿನ ಕೊಟ್ಟರೆ ಸಂತೋಷಕ್ಕೆ ಐವತ್ತು ಕೊಡುತ್ತದೆ. ಯೇಸು ಸತ್ತು ಎದ್ದ ದಿನವಾದ ಈಸ್ಟರಿನಿಂದ, ಪವಿತ್ರಾತ್ಮ ಶಿಷ್ಯರ ಮೇಲೆ ಇಳಿದ ಪಂಚಾಶತ್ತಮದ (ಪೆಂಟೆಕೋಸ್ಟ್) ಹಬ್ಬದವರೆಗೆ ಎಂಟು ಭಾನುವಾರಗಳು ಬರುತ್ತವೆ. ಆ ದಿನಗಳನ್ನು ಮುಂಬೈಯ ಸಣ್ಣ ಮನೆಯಲ್ಲಿ ಹೇಗೆ ನಡೆಸಬಹುದು ಎಂಬುದು ಇಲ್ಲಿದೆ.

ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ಬರೆದ, ಬೈಬಲಿನಲ್ಲಿರುವ ಮೊದಲ ಪತ್ರಿಕೆಯ 15ನೆಯ ಅಧ್ಯಾಯದ 58 ವಚನಗಳೂ ಪುನರುತ್ಥಾನದ, ಅಂದರೆ ಸತ್ತವರು ಏಳುವುದರ, ಮೇಲೆಯೇ. ಮರಣವೇ, ನಿನ್ನ ವಿಷದ ಕೊಂಡಿ ಎಲ್ಲಿ ಎಂದು ಕೇಳುವಷ್ಟು ಎತ್ತರಕ್ಕೆ ಏರುತ್ತಾನೆ. ಆ ಅಧ್ಯಾಯ ಮುಗಿದ ಮೇಲಿನ ಮೊದಲ ಮಾತೇ ಯೆರೂಸಲೇಮಿನ ಬಡವರಿಗಾಗಿ ಹಣ ಎತ್ತುವುದು: ವಾರದ ಮೊದಲನೆಯ ದಿನ ಪ್ರತಿಯೊಬ್ಬರೂ ಸಂಪಾದನೆಗೆ ತಕ್ಕಂತೆ ಒಂದಿಷ್ಟು ತೆಗೆದಿಡಿ ಎನ್ನುತ್ತಾನೆ. ನಡುವೆ ನಮಗೆ ಕಾಣುವ ಅಧ್ಯಾಯದ ಗೆರೆ ನೂರಾರು ವರ್ಷಗಳ ನಂತರ ಯಾರೋ ಎಳೆದದ್ದು. ಪೌಲನಿಗೆ ಅದು ಒಂದೇ ಉಸಿರಿನ ಮಾತು. ಸತ್ತವರು ಏಳುತ್ತಾರೆ ಎಂದು ನಂಬಿದವನ ಹಣದ ಡಬ್ಬಿ, ಡೈರಿ, ಜಗಳಗಳು ಮೊದಲಿನ ಹಾಗೆ ಇರಬಾರದು. ಈ ಕೈಪಿಡಿಯ ಹಿಂದಿರುವ ವಿಚಾರ ಇಷ್ಟೇ.

ಮೊದಲು ಕ್ಯಾಲೆಂಡರ್ ತೆಗೆಯಿರಿ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವ ಭಾನುವಾರವೂ ಆಗಬಹುದು. 2026ರಲ್ಲಿ ಏಪ್ರಿಲ್ 5, ಪಂಚಾಶತ್ತಮ ಮೇ 24. 2027ರಲ್ಲಿ ಮಾರ್ಚ್ 28 ಮತ್ತು ಮೇ 16. ಇದರಲ್ಲಿ ತೊಡಕೊಂದಿದೆ. ಮೊದಲ ಎರಡು ಮೂರು ವಾರ ಮಕ್ಕಳ ಪರೀಕ್ಷೆ, ಮೇ ಬಂತೆಂದರೆ ಅರ್ಧ ಸಭೆ ಊರಿಗೆ ಹೊರಡುತ್ತದೆ. ಆದ್ದರಿಂದ ಐವತ್ತು ದಿನವೂ ಒಂದೇ ಥರ ನಡೆಯುತ್ತದೆ ಎಂದು ಲೆಕ್ಕ ಹಾಕಬೇಡಿ. ಏಪ್ರಿಲ್‌ನಲ್ಲಿ ಮನೆಯಲ್ಲಿ ಸೇರಿ ಬೈಬಲ್ ಓದುವ ಮನೆಕೂಟ, ಮೇನಲ್ಲಿ ಊರಿನ ಕೆಲಸ ಎಂದು ಮೊದಲೇ ಹಂಚಿಕೊಳ್ಳಿ. ಹಾಗೆ ಮಾಡದ ಗುಂಪುಗಳು ಸಾಮಾನ್ಯವಾಗಿ ನಾಲ್ಕನೆಯ ವಾರಕ್ಕೆ ಕರಗಿಹೋಗುತ್ತವೆ, ಆಮೇಲೆ ಭಕ್ತಿ ಕಡಿಮೆಯಾಯಿತು ಎಂದು ಪರಸ್ಪರ ದೂರುತ್ತವೆ. ತಪ್ಪು ಭಕ್ತಿಯದ್ದಲ್ಲ, ಟಿಕೆಟ್ ಬುಕಿಂಗಿನದ್ದು.

ಕೂಟಕ್ಕೆ ಆರರಿಂದ ಹತ್ತು ಜನ ಸಾಕು. ಒಂದು ಕೋಣೆ–ಅಡುಗೆಮನೆಯ ಮನೆಯಲ್ಲಿ ಅದಕ್ಕಿಂತ ಹೆಚ್ಚು ಜನ ಕೂತರೆ ಯಾರೂ ಬಾಯಿಬಿಟ್ಟು ಮಾತನಾಡುವುದಿಲ್ಲ, ಹಿರಿಯರೊಬ್ಬರೇ ಪ್ರಸಂಗ ಮಾಡುತ್ತಾರೆ. ಭಾನುವಾರ ಹಗಲು ಸಾಮಾನ್ಯವಾಗಿ ರೈಲ್ವೆಯ ಮೆಗಾ ಬ್ಲಾಕ್ (ದುರಸ್ತಿಗಾಗಿ ರೈಲು ನಿಲ್ಲಿಸುವುದು) ಇರುತ್ತದೆ, ಹಾಗಾಗಿ ಸಂಜೆ ಆರಕ್ಕೆ ಇಡಿ, ಏಳೂಕಾಲಿಗೆ ಮುಗಿಸಿ. ಹತ್ತು ನಿಮಿಷ ಕೀರ್ತನೆ, ಹದಿನೈದು ನಿಮಿಷ ಓದು, ಅರ್ಧ ಗಂಟೆ ಮಾತು, ಹತ್ತು ನಿಮಿಷ ಪ್ರಾರ್ಥನೆ, ಉಳಿದದ್ದು ಚಹಾಕ್ಕೆ. ಚಹಾಕ್ಕೆ ಬಿಸ್ಕತ್ತು ಸಾಕೆಂದು ಮೊದಲ ವಾರವೇ ಕಟ್ಟುನಿಟ್ಟಾಗಿ ಹೇಳಿ. ಒಬ್ಬರು ಸಮೋಸ ಕೊಟ್ಟರೆ ಮುಂದಿನ ಮನೆಯವರು ಪಲಾವ್ ಮಾಡುತ್ತಾರೆ, ಅದಕ್ಕೂ ಮುಂದಿನವರು ಸಾಲ ಮಾಡಬೇಕಾಗುತ್ತದೆ.

ಇಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಅನೇಕರು ಕನ್ನಡ ಮಾತನಾಡುತ್ತಾರೆ, ಓದಲು ಬರುವುದಿಲ್ಲ. ಓದಲಿಕ್ಕಿರುವ ಎಂಟು ಹತ್ತು ವಚನಗಳ ಕನ್ನಡವನ್ನೇ ದೇವನಾಗರಿ ಲಿಪಿಯಲ್ಲಿ ಬರೆದು ಕೊಡಿ. ಮರಾಠಿ ಕಲಿತ ಮಗು ಸಲೀಸಾಗಿ ಓದುತ್ತದೆ. ಇಂಗ್ಲಿಷ್ ಬೈಬಲ್ ಕೈಗೆ ಕೊಟ್ಟರೆ ಕೂಟ ಎರಡು ಭಾಷೆಗಳಾಗಿ ಸೀಳಿ, ಅಜ್ಜಿಯರು ಮೌನವಾಗುತ್ತಾರೆ.

ಮೊದಲ ಕೂಟದಲ್ಲೇ ಪದಗಳನ್ನು ಬಿಡಿಸಿಕೊಳ್ಳಿ. ಪುನರುತ್ಥಾನ ಎಂದರೆ ನೆರೆಮನೆಯವರ ಕಿವಿಗೆ ಪುನರ್ಜನ್ಮ ಎಂದು ಬೀಳುತ್ತದೆ. ನಿಜ ಹೇಳಬೇಕೆಂದರೆ ನಮ್ಮವರಲ್ಲೂ ಹಲವರ ಮನಸ್ಸಿನಲ್ಲಿ ಎರಡೂ ಕಲಸಿಕೊಂಡಿವೆ. ಪುನರ್ಜನ್ಮದಲ್ಲಿ ಹಳೆಯ ದೇಹ ಬಿಟ್ಟು ಬೇರೊಂದು ಜನ್ಮ ಬರುತ್ತದೆ, ಪುನರುತ್ಥಾನದಲ್ಲಿ ಅದೇ ವ್ಯಕ್ತಿ ಮರಣವನ್ನು ದಾಟಿದ ದೇಹದಲ್ಲಿ ಏಳುತ್ತಾನೆ. ಯೇಸು ಸಮಾಧಿಯಿಂದ ಎಬ್ಬಿಸಿದ ಲಾಜರನು ಎದ್ದುಬಂದದ್ದೂ ಪೂರ್ತಿ ಇದಲ್ಲ. ಅವನು ಹಿಂದಿನ ಬದುಕಿಗೇ ಮರಳಿದ, ಮತ್ತೆ ಸಾಯಬೇಕಾದವನು. ಆತ್ಮ ಮಾತ್ರ ಮೇಲೆ ಹೋಗುತ್ತದೆ, ದೇಹ ಬರೀ ಚೀಲ ಎಂಬುದೂ ಇದಲ್ಲ. ಎದ್ದ ಯೇಸು ಶಿಷ್ಯರ ಎದುರಿಗೆ ಸುಟ್ಟ ಮೀನಿನ ತುಂಡು ತಿಂದ ಎಂದು ಲೂಕನ ಸುವಾರ್ತೆಯ 24ನೆಯ ಅಧ್ಯಾಯ ಹೇಳುತ್ತದೆ. ಈ ಮೂರು ವ್ಯತ್ಯಾಸಗಳಿಗೆ ಇಡೀ ಅರ್ಧ ಗಂಟೆ ಹೋದರೂ ಚಿಂತೆಯಿಲ್ಲ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಮುಂದಿನ ಕೂಟಗಳಿಗೆ ಯೋಹಾನ 20, ಲೂಕ 24ರಲ್ಲಿ ಎಮ್ಮಾಹು ಎಂಬ ಹಳ್ಳಿಯ ದಾರಿ, ಯೋಹಾನ 21, ಅಪೊಸ್ತಲರ ಕೃತ್ಯಗಳು 4, ಕೊನೆಗೆ ಕೊರಿಂಥದವರಿಗೆ ಬರೆದ ಅದೇ 15ನೆಯ ಅಧ್ಯಾಯ. ಇವುಗಳಲ್ಲಿ ಸಂದೇಹ ಎಲ್ಲೆಲ್ಲಿದೆ ಎಂದು ಗುರುತು ಹಾಕಿಕೊಂಡು ಓದಿ. ಮಗ್ದಲದ ಮರಿಯಳು ಯೇಸುವನ್ನು ತೋಟದವನೆಂದುಕೊಂಡಳು. ಹೆಂಗಸರು ತಂದ ಸುದ್ದಿ ಅಪೊಸ್ತಲರಿಗೆ ಹರಟೆಯಂತೆ ಕಂಡಿತು. ಶಿಷ್ಯ ತೋಮ ಎಂಟು ದಿನ ನಂಬಲೇ ಇಲ್ಲ, ಆದರೂ ಆ ಎಂಟು ದಿನ ಉಳಿದವರು ಅವನನ್ನು ಕೋಣೆಯಿಂದ ಹೊರಗೆ ಹಾಕಲಿಲ್ಲ. ಕಾಲೇಜಿಗೆ ಹೋಗುವ ಹುಡುಗ "ಸತ್ತವರು ಎಲ್ಲಿ ಎದ್ದು ಬರ್ತಾರೆ ಅಂಕಲ್?" ಎಂದು ಕೇಳಿದರೆ ಅವನ ತಾಯಿಯ ಮುಖ ನೋಡಬೇಡಿ. ತೋಮನಿಗೆ ಸಿಕ್ಕ ಜಾಗ ಅವನಿಗೂ ಇರಲಿ, ಬೇಕಿದ್ದರೆ ಎಂಟು ವಾರವೂ ಅದನ್ನೇ ಕೇಳಲಿ.

ಇನ್ನು ಸ್ಮಶಾನ. ನಮ್ಮವರು ಸಾಮಾನ್ಯವಾಗಿ ಸತ್ತವರನ್ನು ನೆನೆಯುವ ದಿನವಾದ ನವೆಂಬರ್ 2ರ ಹೊತ್ತಿಗೆ ಸಮಾಧಿಗೆ ಹೋಗುತ್ತಾರೆ. ಈಸ್ಟರ್ ಕಳೆದ ಮೊದಲ ವಾರದಲ್ಲಿ ಒಂದು ಬೆಳಿಗ್ಗೆ ಹೋಗಿ ನೋಡಿ. ಬಿಸಿಲೇರುವ ಮೊದಲು, ಏಳು ಏಳೂವರೆಗೆ ಅಲ್ಲಿರಬೇಕು. ಎರಡು ಬಾಟಲಿ ನೀರು, ಒಂದು ಗಟ್ಟಿ ಬ್ರಶ್, ಮೇಣದಬತ್ತಿ, ಕಡ್ಡಿಪೆಟ್ಟಿಗೆ, ಹಳೆಯ ಬಟ್ಟೆ ಜೊತೆಗಿರಲಿ. ಶಿವಡಿಯಂಥ ದೊಡ್ಡ ಸ್ಮಶಾನದಲ್ಲಿ ಜಾಗ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ, ಆದ್ದರಿಂದ ಹೂಳುವಾಗ ಕೊಟ್ಟ ರಸೀದಿಯ ಮೇಲಿನ ನಂಬರನ್ನು ಮೊದಲೇ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮಕ್ಕಳ ಕೈಯಿಂದಲೇ ಕಲ್ಲು ತೊಳೆಸಿ. ಆಮೇಲೆ ಒಬ್ಬರು "ಕ್ರಿಸ್ತನು ಎದ್ದಿದ್ದಾನೆ" ಎನ್ನಲಿ, ಉಳಿದವರು "ನಿಜವಾಗಿಯೂ ಎದ್ದಿದ್ದಾನೆ" ಎನ್ನಲಿ. ಚರ್ಚಿನೊಳಗೆ ಎಷ್ಟು ಸಲ ಹೇಳಿದ್ದರೂ ಇಲ್ಲಿ ಹೇಳುವಾಗ ಗಂಟಲು ಬೇರೆ ಥರ ಕಟ್ಟುತ್ತದೆ. ಅಳು ಬಂದರೆ ತಡೆಯಬೇಡಿ. ನಂಬಿಕೆಯುಳ್ಳವರು ಅಳಬಾರದು ಎಂದು ಸತ್ತವರ ಮನೆಯಲ್ಲಿ ಉಪದೇಶ ಮಾಡುವ ಹಿರಿಯರಿದ್ದಾರೆ. ಥೆಸಲೋನಿಕದವರಿಗೆ ಪೌಲ ಬರೆದದ್ದು ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದು, ದುಃಖಿಸಲೇಬೇಡಿ ಎಂದಲ್ಲ. ಲಾಜರನನ್ನು ಎಬ್ಬಿಸಲು ಹೊರಟ ಯೇಸುವೇ ದಾರಿಯಲ್ಲಿ ಅತ್ತಿದ್ದಾನೆ.

ಮುಂಬೈಯಲ್ಲಿ ಇನ್ನೊಂದು ಸಂಕಟವಿದೆ. ಜಾಗದ ಕೊರತೆಯಿಂದ ಒಂದೇ ಗುಂಡಿಯನ್ನು ಕೆಲವು ವರ್ಷಗಳ ಮೇಲೆ ಮತ್ತೆ ಬಳಸುತ್ತಾರೆ, ಎಲುಬುಗಳನ್ನು ತೆಗೆದು ಗೋಡೆಯ ಗೂಡಿಗೆ ಸೇರಿಸುತ್ತಾರೆ, ಗೂಡು ಕೊಳ್ಳಲಾಗದವರಿಗೆ ಅದೂ ಇಲ್ಲ. ಅಜ್ಜನ ಗುರುತೇ ಇಲ್ಲದ ಮೇಲೆ ದೇವರು ಯಾರನ್ನು ಎಬ್ಬಿಸುತ್ತಾನೆ ಎಂದು ಮಕ್ಕಳು ಕೇಳುತ್ತಾರೆ. ಕೊರಿಂಥದವರಿಗೆ ಬರೆದ ಪತ್ರಿಕೆಯ 15ನೆಯ ಅಧ್ಯಾಯದ 36ರಿಂದ 44ರವರೆಗೆ ಅಲ್ಲೇ ನಿಂತು ಓದಿ. ಬಿತ್ತಿದ ಕಾಳು ಕಾಳಾಗಿಯೇ ಮೇಲೆ ಬರುವುದಿಲ್ಲ, ಆದರೂ ಬರುವ ಗಿಡ ಅದೇ ಕಾಳಿನದು. ಎಲುಬಿನ ಲೆಕ್ಕ ಇಟ್ಟುಕೊಳ್ಳುವುದು ನಮ್ಮ ಕೆಲಸವಲ್ಲ. ಹಾಗೆಯೇ, ಗೂಡು ಕೊಳ್ಳಲು ಮೈಮೇಲೆ ಸಾಲ ಎಳೆದುಕೊಳ್ಳುವ ಅಗತ್ಯವೂ ಇಲ್ಲ.

ಮೇ ತಿಂಗಳ ಪಾಲು ಊರಿನದು. ಯೋಹಾನ 21ನ್ನು ರೈಲಿನಲ್ಲೇ ಓದಿಕೊಳ್ಳಿ. ಯೇಸುವನ್ನು ಹಿಡಿದ ರಾತ್ರಿ ಶಿಷ್ಯ ಪೇತ್ರನು ಇದ್ದಲಿನ ಬೆಂಕಿಯ ಪಕ್ಕ ನಿಂತು ಮೂರು ಸಲ ಯೇಸುವನ್ನು ಅರಿಯೆನೆಂದ. ಎದ್ದುಬಂದ ಯೇಸು ದಡದಲ್ಲಿ ಮತ್ತೆ ಇದ್ದಲಿನ ಬೆಂಕಿ ಹೂಡಿ, ಮೊದಲು ತಿಂಡಿ ಕೊಟ್ಟು, ಆಮೇಲೆ ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿದ. ಊರಲ್ಲಿ ಮನೆಯ ಪಾಲಿನ ವಿಷಯಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರು ಈ ಕ್ರಮವನ್ನೇ ಹಿಡಿಯಬಹುದು. ಮೊದಲು ಊಟ, ಆಮೇಲೆ ಮಾತು. ಮಾತೂ ಒಂದೇ ವಿಷಯದ್ದು: "ಅಪ್ಪನ ಮಣ್ಣಿನ ದಿನ ನಾನು ಹಾಗೆ ಅಂದದ್ದು ತಪ್ಪಾಯಿತು" ಎನ್ನುವಷ್ಟು ನಿರ್ದಿಷ್ಟವಾಗಿರಲಿ. "ಏನಾದರೂ ತಪ್ಪಾಗಿದ್ದರೆ ಕ್ಷಮಿಸು" ಎನ್ನುವುದು ಕ್ಷಮೆ ಕೇಳುವುದಲ್ಲ, ಅರ್ಜಿ ಗುಜರಾಯಿಸುವುದು. ವಾಟ್ಸಾಪ್ ಬೇಡ. ಪಾಲಿನ ಕಾಗದಪತ್ರಗಳನ್ನು ಅದೇ ದಿನ ಮೇಜಿನ ಮೇಲೆ ಇಡಲೇಬೇಡಿ, ಅದಕ್ಕೆ ಬೇರೊಂದು ದಿನ ಗೊತ್ತುಮಾಡಿ.

ಎಚ್ಚರಿಕೆಯೊಂದಿದೆ. ಹೊಡೆದು ಬಡಿದು ಮಾಡಿದ ಗಂಡನ ಮನೆಗೆ, ಮೈ ಮುಟ್ಟಿದ ಬಂಧುವಿನ ಎದುರಿಗೆ ಯಾರನ್ನೂ ಕ್ಷಮೆಯ ಹೆಸರಿನಲ್ಲಿ ಕಳುಹಿಸಬಾರದು. ಎದ್ದ ಯೇಸುವಿನ ಕೈಯಲ್ಲಿ ಗಾಯದ ಗುರುತು ಹಾಗೇ ಇತ್ತು. ಕ್ಷಮಿಸಿದವರೂ ದೂರ ಇರಬಹುದು, ದೂರು ಕೊಡಬಹುದು.

ಈ ದಿನಗಳಲ್ಲಿ ಕೆಟ್ಟ ಬೋಧನೆಯೂ ಹೆಚ್ಚು ಹರಡುತ್ತದೆ. ಪುನರುತ್ಥಾನದ ಶಕ್ತಿ ನಿಮ್ಮಲ್ಲಿದೆ, ಆದ್ದರಿಂದ ಸಾಲ ತೀರುತ್ತದೆ, ಸಕ್ಕರೆ ಕಾಯಿಲೆ ಬಿಡುತ್ತದೆ ಎಂಬ ಮಾತು ಕೇಳಿದರೆ ಕೊರಿಂಥದವರಿಗೆ ಬರೆದ ಆ 15ನೆಯ ಅಧ್ಯಾಯದ 30ನೆಯ ವಚನದಿಂದ ಓದಿ ತೋರಿಸಿ: ಪೌಲನಿಗೆ ಈ ನಂಬಿಕೆಯಿಂದ ಸಿಕ್ಕಿದ್ದು ಗಳಿಗೆಗಳಿಗೆಗೂ ಜೀವಭಯ. ಅದೇ ಪತ್ರಿಕೆಯ 6ನೆಯ ಅಧ್ಯಾಯ ದೇಹವನ್ನು ಕರ್ತನಿಗೆ ಸೇರಿದ್ದು ಎನ್ನುತ್ತದೆ. ಬಿಪಿ ಮಾತ್ರೆ ನಿಲ್ಲಿಸಿ, ದೇವರು ವಾಸಿಮಾಡಿದ ಎಂದು ಎಲ್ಲರೆದುರು ಸಾಕ್ಷಿ ಹೇಳುವವರಿಗಿಂತ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುವವರು ಪೌಲನ ಮಾತಿಗೆ ಹತ್ತಿರದಲ್ಲಿದ್ದಾರೆ. ಸಾಕ್ಷಿಯ ವಿಷಯಕ್ಕೆ ಬಂದರೆ, ನನ್ನಲ್ಲಿ ಬದಲಾವಣೆಯಾಗಿದೆ ಎಂದು ಯಾರಿಗೂ ಅವರವರೇ ಹೇಳಲು ಬಿಡಬೇಡಿ. ಹೆಂಡತಿ ಹೇಳಲಿ, ಮನೆಗೆಲಸಕ್ಕೆ ಬರುವವರು ಹೇಳಲಿ. ಮನೆಗೆಲಸದವರಿಗೆ ವಾರಕ್ಕೊಂದು ರಜೆ ಸಿಗತೊಡಗಿದೆಯೇ ಎಂಬುದು ಒಳ್ಳೆಯ ಅಳತೆ.

ಕೊನೆಗೆ ಡಬ್ಬಿ. ಮುಚ್ಚಳದಲ್ಲಿ ಸೀಳು ಮಾಡಿದ ಪ್ಲಾಸ್ಟಿಕ್ ಡಬ್ಬಿ ಆದೀತು, ಪ್ರತಿ ಮನೆಗೆ ಒಂದು. ಈಸ್ಟರ್ ಬೆಳಿಗ್ಗೆಯೇ ಮೊದಲ ಹಣ ಬೀಳಲಿ. ಮನೆಯೊಂದು ವಾರಕ್ಕೆ 100 ರೂಪಾಯಿ ಹಾಕಿದರೆ ಎಂಟು ಭಾನುವಾರಕ್ಕೆ 800, ಆರು ಮನೆಗೆ 4,800. ಊರಿಗೆ ಹೋದವರು ಅಲ್ಲಿಯೂ ತೆಗೆದಿಟ್ಟು ಬಂದ ಮೇಲೆ ಸೇರಿಸಲಿ, ಒಮ್ಮೆಗೇ ಹಾಕುತ್ತೇನೆ ಎಂದವರದು ಹೆಚ್ಚಾಗಿ ಬೀಳುವುದೇ ಇಲ್ಲ. ಯಾರಿಗೆ ಕೊಡುವುದು ಎಂದು ಡಬ್ಬಿ ಒಡೆದ ಮೇಲೆ ಯೋಚಿಸಿದರೆ ಜಗಳವಾಗುತ್ತದೆ. ಮೊದಲ ಕೂಟದಲ್ಲೇ ಗೊತ್ತುಮಾಡಿ. ಪಂಚಾಶತ್ತಮ ಮುಗಿದು ಕೆಲವೇ ವಾರಕ್ಕೆ ಶಾಲೆ ಶುರು, ಮಳೆಯೂ ಅದೇ ಹೊತ್ತಿಗೆ. ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಬೆಳಿಗ್ಗೆ ರಸ್ತೆ ಕೂಡುವ ನಾಕಾದಲ್ಲಿ ಕೂಲಿಗೆ ನಿಲ್ಲುವ ಕನ್ನಡದವರ ಮಕ್ಕಳಿಗೆ ಆಗ ನೋಟ್‌ಬುಕ್ ಬೇಕು, ರೇನ್‌ಕೋಟ್ ಬೇಕು, ಜೋಪಡಿಯ ಮೇಲೆ ಹೊದಿಸಲು ತಾಡಪಾಲ್ ಬೇಕು. ಅವರು ಕ್ರೈಸ್ತರೋ ಅಲ್ಲವೋ ಎಂದು ಕೇಳಬೇಡಿ, ಕೊಡುವಾಗ ಕರಪತ್ರ ಸೇರಿಸಬೇಡಿ, ಫೋಟೊ ತೆಗೆಯಬೇಡಿ. ಹಣವನ್ನು ಇಬ್ಬರು ಕೂತು ಎಣಿಸಲಿ, ಒಟ್ಟು ಮೊತ್ತವನ್ನು ಮಾತ್ರ ಓದಲಿ. ಯಾವ ಡಬ್ಬಿಯಲ್ಲಿ ಎಷ್ಟಿತ್ತು ಎಂಬುದು ಆ ಇಬ್ಬರಿಗೂ ತಿಳಿಯದಂತೆ ಎಲ್ಲ ಡಬ್ಬಿಗಳನ್ನೂ ಮೊದಲು ಒಂದೇ ಚೀಲಕ್ಕೆ ಸುರಿದುಬಿಡಿ.